ಹೊಸ ಪತ್ರಕ್ಕೆ ಮೊದಲು ಹಳೆಯ ಪತ್ರ ಓದಿ

ನಾನು ಬೀದರ್ ಕಡೆಯವಳು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ತೆರೆದ ಕಲ್ಲಿದ್ದಲು ಗಣಿಯ ಪರಿಸರ ವಿಭಾಗದಲ್ಲಿ ಹದಿನಾರು ವರ್ಷ ಕೆಲಸ ಮಾಡಿದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಈಗಲೂ ಸಿಂಗರೇಣಿಗೆ, ಚಂದ್ರಪುರಕ್ಕೆ, ಒಡಿಶಾದ ತಾಲ್ಚೇರಿಗೆ ಕೆಲಸಕ್ಕೆ ಹೋಗುತ್ತಾರೆ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಬರುವುದೂ ಇಂಥ ಕಡೆಗಳಿಂದಲೇ. ಅವರಲ್ಲಿ ಕೆಲವರು ಫೋನ್ ಮಾಡಿ ಕೇಳುತ್ತಾರೆ: "ಮೇಡಂ, ನಮ್ಮ ಗಣಿ ವಿಸ್ತರಣೆಗೆ ಹೋಗ್ತಿದೆ. ಇಸಿ, ಅಂದರೆ ಪರಿಸರ ಅನುಮತಿಯ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?"

ನಾನು ಮೊದಲು ಕೇಳುವುದು ಒಂದೇ. ಹಳೆಯ ಇಸಿ ಪತ್ರ ಎಲ್ಲಿದೆ?

ಎಷ್ಟೋ ಕಚೇರಿಗಳಲ್ಲಿ ಅದು ಬೀರುವಿನಲ್ಲಿ ಇರುತ್ತದೆ, ಕೈಯಲ್ಲಿ ಇರುವುದಿಲ್ಲ. ಇಸಿ ಎಂದರೆ 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮದ ಅಧ್ಯಯನ) ಅಧಿಸೂಚನೆಯಂತೆ ಕೊಡುವ ಪತ್ರ. ಅದರಲ್ಲಿ ವರ್ಷಕ್ಕೆ ಇಷ್ಟು ದಶಲಕ್ಷ ಟನ್, ಇಷ್ಟು ಹೆಕ್ಟೇರ್ ಎಂದು ಬರೆದಿರುತ್ತದೆ. ಆ ಟನ್ನಿನ ಅಂಕಿ ಗುರಿಯಲ್ಲ, ಮಿತಿ. ಮಾರ್ಚ್ ತಿಂಗಳಲ್ಲಿ ಟಾರ್ಗೆಟ್ ಒತ್ತಡ ಬಂದಾಗ ಇದನ್ನು ನೆನಪಿಸುವ ಕೆಲಸ ನಿಮ್ಮದೇ. 2017ರ ಆಗಸ್ಟ್ 2ರಂದು ಒಡಿಶಾದ ಕಬ್ಬಿಣ, ಮ್ಯಾಂಗನೀಸ್ ಗಣಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಖಚಿತ ಮಾಡಿತು. ಇಸಿ ಇಲ್ಲದೆ ಅಥವಾ ಇಸಿ ಮಿತಿ ಮೀರಿ ತೆಗೆದ ಅದಿರಿನ ಪೂರ್ತಿ ಬೆಲೆ ವಸೂಲಿ ಮಾಡಬಹುದು. ಹಾಗಾಗಿ ಮೊದಲ ದಿನವೇ ಕಳೆದ ಎಲ್ಲ ವರ್ಷಗಳ ಉತ್ಪಾದನೆಯ ಅಂಕಿ ತರಿಸಿಕೊಳ್ಳಿ. ಪ್ರತಿ ವರ್ಷದ ಪಕ್ಕದಲ್ಲಿ ಆಗ ಜಾರಿಯಲ್ಲಿದ್ದ ಇಸಿ ಮಿತಿ ಬರೆಯಿರಿ. ಒಂದು ವರ್ಷ ಮೀರಿದ್ದರೂ ಅದನ್ನು ಮುಚ್ಚಿಡದೆ ಮೇಲಿನವರಿಗೆ ಬರಹದಲ್ಲಿ ತಿಳಿಸಿ. ಇಸಿ ಅರ್ಜಿಗಳನ್ನು ಪರಿಶೀಲಿಸುವ ದೆಹಲಿಯ ತಜ್ಞರ ಸಮಿತಿ ಈ ಪಟ್ಟಿಯನ್ನು ಕೇಳಿಯೇ ಕೇಳುತ್ತದೆ.

ಆಮೇಲೆ ಹಳೆಯ ಪತ್ರದ ಷರತ್ತುಗಳನ್ನು ಒಂದು ದೊಡ್ಡ ರಿಜಿಸ್ಟರಿಗೆ ಇಳಿಸಿ. ಕಂಪ್ಯೂಟರಿನಲ್ಲೂ ಮಾಡಬಹುದು, ಆದರೆ ನನಗೆ ರಿಜಿಸ್ಟರೇ ಇಷ್ಟ. ಗಣಿಯೊಳಗೆ ಹಿಡಿದುಕೊಂಡು ಓಡಾಡಬಹುದು, ಅಲ್ವಾ. ಪ್ರತಿ ಷರತ್ತಿಗೆ ನಾಲ್ಕು ಪ್ರಶ್ನೆ. ಯಾರು ಮಾಡಬೇಕು? ಎಲ್ಲಿ? ಯಾವಾಗ? ಮಾಡಿದ್ದಕ್ಕೆ ಸಾಕ್ಷಿ ಏನು? "ಹಾಲ್ ರೋಡಿಗೆ (ಗಣಿಯೊಳಗೆ ಡಂಪರ್ ಓಡುವ ದಾರಿಗೆ) ನೀರು ಸಿಂಪಡಿಸಬೇಕು" ಎಂಬ ಷರತ್ತು ಹೀಗೆ ಬಿಡಿಸಿದಾಗ ಏನಾಗುತ್ತದೆ ನೋಡಿ. ಯಾವ ಶಿಫ್ಟಿನ ಯಾವ ಫೋರ್‌ಮನ್, ಎಷ್ಟು ಟ್ಯಾಂಕರ್, ದಿನಕ್ಕೆ ಎಷ್ಟು ಸುತ್ತು, ನೀರು ಎಲ್ಲಿಯದು, ಲಾಗ್ ಬುಕ್ ಯಾರ ಹತ್ತಿರ ಎಂದು ಒಂದೊಂದೇ ಹೊರಗೆ ಬರುತ್ತದೆ. ಉತ್ತರ ಸಿಗದ ಜಾಗದಲ್ಲಿ ಷರತ್ತು ಪಾಲನೆ ಆಗುತ್ತಿಲ್ಲ ಎಂದೇ ತಿಳಿಯಿರಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ವಿಸ್ತರಣೆಗೆ ಅರ್ಜಿ ಹಾಕುವಾಗ ಹಳೆಯ ಷರತ್ತುಗಳ ಪಾಲನೆಯ ಬಗ್ಗೆ ಪರಿಸರ ಮಂತ್ರಾಲಯದ ಪ್ರಾದೇಶಿಕ ಕಚೇರಿಯಿಂದ ದೃಢೀಕರಿಸಿದ ವರದಿ ಬೇಕು. ಅಧಿಕಾರಿ ಬಂದು ಗಣಿ ನೋಡುತ್ತಾರೆ. ಅವರು ಬರುವ ವಾರದಲ್ಲಿ ಸಸಿ ನೆಟ್ಟರೆ ಅವರಿಗೂ ಗೊತ್ತಾಗುತ್ತದೆ, ಸಸಿಗೂ ಗೊತ್ತಾಗುತ್ತದೆ. ಅದು ಬದುಕುವುದಿಲ್ಲ. ಅವರು ಬರುವುದಕ್ಕೆ ಆರು ತಿಂಗಳು ಮೊದಲೇ ನಿಮ್ಮ ರಿಜಿಸ್ಟರ್ ತುಂಬಿರಲಿ. ಆಗದೇ ಇರುವ ಕೆಲಸಕ್ಕೆ "ಆಗಿಲ್ಲ, ಕಾರಣ ಇದು, ಈ ತಾರೀಖಿನೊಳಗೆ ಮಾಡುತ್ತೇವೆ" ಎಂದು ಬರೆಯಿರಿ. ನಾನು ನೋಡಿದ ಅಧಿಕಾರಿಗಳಲ್ಲಿ ಹೆಚ್ಚಿನವರು ಆ ಸಾಲನ್ನು ಗೌರವದಿಂದ ಓದಿದ್ದಾರೆ.

ಅರ್ಜಿಯಿಂದ ಸಭೆಯವರೆಗೆ

ಅರ್ಜಿ ಪರಿಸರ ಮಂತ್ರಾಲಯದ ಪರಿವೇಶ್ ಪೋರ್ಟಲ್ ಮೂಲಕ ಹೋಗುತ್ತದೆ. ಪರಿಸರ ಪರಿಣಾಮದ ಅಧ್ಯಯನದಲ್ಲಿ ಏನೇನು ಇರಬೇಕು ಎಂಬ ಪಟ್ಟಿಯನ್ನು, ಅಂದರೆ ಟಿಓಆರ್ ಅನ್ನು, ಸಮಿತಿ ಕೊಡುತ್ತದೆ. ಗಣಿಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ, ಮಳೆಗಾಲ ಬಿಟ್ಟು ಒಂದು ಋತು, ಗಾಳಿ, ನೀರು, ಸದ್ದು, ಮಣ್ಣಿನ ಅಳತೆ ನಡೆಯುತ್ತದೆ. ಇದನ್ನು ಮಾನ್ಯತೆ ಪಡೆದ ಸಲಹಾ ಸಂಸ್ಥೆ ಮಾಡುತ್ತದೆ, ನೀವಲ್ಲ. ಆದರೂ ಅವರ ಜೊತೆ ಹೋಗಿ. ಗಾಳಿ ಅಳೆಯುವ ಯಂತ್ರವನ್ನು ಊರಿನ ಯಾವ ಮೂಲೆಯಲ್ಲಿ ಇಟ್ಟರು ಎಂದು ಕಣ್ಣಾರೆ ನೋಡಿ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಇಟ್ಟರೆ ಅಂಕಿ ಚೆನ್ನಾಗಿ ಬರುತ್ತದೆ, ಊರಿನವರ ಕೆಮ್ಮು ಹಾಗೇ ಇರುತ್ತದೆ.

ಇನ್ನು ಸಾರ್ವಜನಿಕ ಅಹವಾಲು ಸಭೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯಲ್ಲದ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಅಧ್ಯಯನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಯಲ್ಲಿ ಸಿಗಬೇಕು. ಕಲಾಪದ ವಿಡಿಯೋ ಆಗಬೇಕು. ಕೊನೆಗೆ ಜನ ಹೇಳಿದ್ದನ್ನು ಅವರ ಭಾಷೆಯಲ್ಲಿ ಅಲ್ಲೇ ಓದಿ ಹೇಳಬೇಕು. ಇಷ್ಟು ಜನ ಬಂದರೆ ಮಾತ್ರ ಸಭೆ ಎಂಬ ಲೆಕ್ಕ ಇಲ್ಲ. ಒಬ್ಬರೇ ಬಂದು ಮಾತಾಡಿದರೂ ಅದು ದಾಖಲೆ.

ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ಮರಾಠಿ ಕೇಳಿ ಬೆಳೆದವಳು ನಾನು. ಚಂದ್ರಪುರದಲ್ಲಿ ನನಗೆ ಅದೇ ಕೈಹಿಡಿಯಿತು. ಮೊದಲ ಸಭೆಗೆ ಸಲಹಾ ಸಂಸ್ಥೆಯವರು ಮಾಡಿಸಿದ ಮರಾಠಿ ಸಾರಾಂಶ ಓದಿದೆ. ವಾಕ್ಯ ಮರಾಠಿ, ಅರ್ಥ ಯಾರಿಗೂ ಆಗದು. ಎರಡು ರಾತ್ರಿ ಕೂತು ಅದನ್ನು ಊರಿನ ಮಾತಿಗೆ ತಂದೆ. ಪಿಎಂ10 ಎಂಬ ಕಡೆ "ಉಸಿರಿನ ಜೊತೆ ಒಳಗೆ ಹೋಗುವ ಸಣ್ಣ ಧೂಳು" ಎಂದು ಬರೆದೆ. ಸಭೆಯ ದಿನ ಒಬ್ಬ ಹಿರಿಯ ಹೆಂಗಸು ಎದ್ದು ನಿಂತು ಕೇಳಿದಳು: "ಮಗಳೇ, ಈ ಕಾಗದದಲ್ಲಿ ನಮ್ಮ ಬಾವಿ ಇದೆಯಾ?" ಇರಲಿಲ್ಲ. ಅಳತೆ ಮಾಡಿದ ಬಾವಿ ಊರಿನ ಆ ಕಡೆಯದು, ಗಣಿಯಿಂದ ದೂರದ್ದು. ಅವಳ ಬಾವಿ ಗಣಿಯ ಅಂಚಿಗೆ ಹತ್ತಿರ. ಅವತ್ತು ನಾನು ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಸಭೆಗೆ ಒಂದು ತಿಂಗಳು ಮೊದಲೇ ಪ್ರತಿ ಮನೆಯ ನೀರಿನ ಮೂಲದ ಪಟ್ಟಿ ಮಾಡಿ. ಬಾವಿಯ ಆಳ, ಬೇಸಿಗೆಯ ನೀರಿನ ಮಟ್ಟ, ಯಾರು ಕುಡಿಯುತ್ತಾರೆ ಎಲ್ಲ ಬರೆಯಿರಿ. ಆ ಪಟ್ಟಿ ಮುಂದೆ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಸಭೆಯಲ್ಲಿ ಕೊಟ್ಟ ಮಾತು ಗಾಳಿಗೆ ಹೋಗುವುದಿಲ್ಲ. 2020ರ ಸೆಪ್ಟೆಂಬರ್ 30ರ ಮಂತ್ರಾಲಯದ ಸುತ್ತೋಲೆಯ ನಂತರ, ಆ ಭರವಸೆಗಳು ಪರಿಸರ ನಿರ್ವಹಣಾ ಯೋಜನೆಯ ಭಾಗವೇ ಆಗಿ ಇಸಿಯಲ್ಲಿ ಸೇರುತ್ತವೆ. ಆದ್ದರಿಂದ ಆಗುವುದನ್ನೇ ಹೇಳಿ. ಎಷ್ಟು ಹಣ, ಯಾವ ವರ್ಷ, ಯಾವ ಊರು ಎಂದು ಹೇಳಿ.

ಒಂದು ಒಳದಾರಿಯ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅದೇ ಗುತ್ತಿಗೆ ಜಾಗದೊಳಗೆ ಉತ್ಪಾದನೆ ಹೆಚ್ಚಿಸುವ ಕಲ್ಲಿದ್ದಲು ಗಣಿಗಳಿಗೆ ಸಭೆಯಿಂದ ವಿನಾಯಿತಿ ಕೊಟ್ಟ ಸುತ್ತೋಲೆಗಳು ಬಂದಿವೆ. 2017ರಲ್ಲಿ ಶೇಕಡಾ 40ರವರೆಗೆ, 2022ರಲ್ಲಿ ಶೇಕಡಾ 50ರವರೆಗೆ ಈ ದಾರಿ ತೆರೆಯಿತು. ಇಂಥ ವಿನಾಯಿತಿ ಜಾರಿಯಲ್ಲಿದ್ದು ನಿಮ್ಮ ಗಣಿ ಅದಕ್ಕೆ ಅರ್ಹವಾಗಿದ್ದರೆ ಮೇಲಿನವರು ಇದನ್ನೇ ಹಿಡಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕಾನೂನು ಸಭೆ ಬೇಡ ಎಂದರೂ ಊರಿಗೆ ಹೋಗಿ ಕೂತು ಹೇಳಿ. ಅರ್ಧದಷ್ಟು ಹೆಚ್ಚಾಗುವ ಗಣಿಯ ಸುದ್ದಿ ಜನರಿಗೆ ಬ್ಲಾಸ್ಟಿಂಗ್ ಸದ್ದಿನಿಂದ ಗೊತ್ತಾಗಬಾರದು.

ಹೆಚ್ಚಾಗುವ ಟನ್ ಎಂದರೆ ಏನು

ಹೊಸ ಪತ್ರದ ಷರತ್ತು ಅರ್ಥವಾಗಬೇಕಾದರೆ ಮೊದಲು ಈ ಲೆಕ್ಕ ಕೈಯಲ್ಲಿ ಮಾಡಿ. ಛತ್ತೀಸ್‌ಗಢದ ಕೊರ್ಬಾ ಜಿಲ್ಲೆಯ ಗೇವ್ರಾ ಗಣಿಗೆ 2024ರಲ್ಲಿ ವರ್ಷಕ್ಕೆ 52.5 ದಶಲಕ್ಷ ಟನ್ನಿನಿಂದ 70 ದಶಲಕ್ಷ ಟನ್ನಿಗೆ ಏರಲು ಇಸಿ ಸಿಕ್ಕಿತು. ಅಷ್ಟು ದೊಡ್ಡದು ಬೇಡ. ನಿಮ್ಮ ಗಣಿ ಬರೀ 10 ಲಕ್ಷ ಟನ್ ಹೆಚ್ಚಿಸುತ್ತದೆ ಎನ್ನೋಣ.

ವರ್ಷಕ್ಕೆ 300 ದಿನ ಹಿಡಿದರೆ ದಿನಕ್ಕೆ ಸುಮಾರು 3,333 ಟನ್. ಅದು ಲಾರಿಯಲ್ಲಿ ಹೋದರೆ, ಒಂದಕ್ಕೆ 20 ಟನ್ ಅಂತ ಇಟ್ಟುಕೊಳ್ಳಿ, 167 ಲಾರಿ. ತುಂಬಿ ಹೋದದ್ದು ಖಾಲಿ ಬರಬೇಕಲ್ಲ, ಆದ್ದರಿಂದ 334 ಸಲ. ಹಗಲು ರಾತ್ರಿ ಓಡಿದರೂ ಗಂಟೆಗೆ 14 ಲಾರಿ ಜಾಸ್ತಿ. ಆ ರಸ್ತೆಯಲ್ಲಿ ಒಂದು ಶಾಲೆ ಇದ್ದರೆ? ಮುಚ್ಚಿದ ಲಾರಿ, ತಾಡಪಾಲು, ಚಕ್ರ ತೊಳೆಯುವ ವ್ಯವಸ್ಥೆ, ಕನ್ವೇಯರ್, ರೈಲಿಗೆ ಲೋಡ್ ಮಾಡುವ ಸೈಲೋ ಎಂದು ಪತ್ರದಲ್ಲಿ ಬರುವ ಸಾಲುಗಳ ಹಿಂದೆ ಇರುವುದು ಈ ಹದಿನಾಲ್ಕು ಲಾರಿ. ಕನ್ವೇಯರ್ ಅಥವಾ ಸೈಲೋ ಮುಗಿಸಲು ಪತ್ರ ಒಂದು ಗಡುವು ಕೊಟ್ಟಿದ್ದರೆ ಅದನ್ನು ನಿಮ್ಮ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆಯಿರಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ತಪ್ಪುವ ಗಡುವು ಅದೇ.

ಇನ್ನೊಂದು, ಓಬಿ. ಕಲ್ಲಿದ್ದಲಿನ ಮೇಲಿರುವ ಮಣ್ಣು, ಕಲ್ಲು. ಒಂದು ಟನ್ ಕಲ್ಲಿದ್ದಲಿಗೆ 4 ಘನ ಮೀಟರ್ ಓಬಿ ತೆಗೆಯಬೇಕಾದ ಗಣಿಯಲ್ಲಿ, 10 ಲಕ್ಷ ಟನ್ ಎಂದರೆ ವರ್ಷಕ್ಕೆ 40 ಲಕ್ಷ ಘನ ಮೀಟರ್ ಜಾಸ್ತಿ. ಒಡೆದ ಕಲ್ಲು ಉಬ್ಬುತ್ತದೆ, ಮೊದಲಿದ್ದ ಜಾಗದಲ್ಲಿ ಪೂರ್ತಿ ಹಿಡಿಸುವುದಿಲ್ಲ. ಆದ್ದರಿಂದ ಗಣಿಯೊಳಗೆ ಎಷ್ಟು ತುಂಬುತ್ತೀರಿ, ಹೊರಗೆ ಸುರಿದ ಓಬಿಯ ಗುಡ್ಡ ಎಷ್ಟು ಎತ್ತರ ಹೋಗುತ್ತದೆ, ಯಾವ ವರ್ಷ ಏನು ಎಂಬುದು ಪತ್ರದಲ್ಲಿ ಇರುತ್ತದೆ. ಗುಡ್ಡದ ಒಟ್ಟು ಇಳಿಜಾರು ಸಾಮಾನ್ಯವಾಗಿ 28 ಡಿಗ್ರಿ ಮೀರಬಾರದು ಎಂದಿರುತ್ತದೆ. ಇದನ್ನು ಬರೀ ಹಸಿರಿನ ವಿಷಯ ಎಂದುಕೊಳ್ಳಬೇಡಿ. 2016ರ ಡಿಸೆಂಬರ್ 29ರಂದು ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾದ ಗಣಿಯಲ್ಲಿ ಓಬಿ ಕುಸಿದು 20ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಸರ್ವೇ ವಿಭಾಗದಿಂದ ಪ್ರತಿ ತಿಂಗಳು ಗುಡ್ಡದ ಎತ್ತರ, ಇಳಿಜಾರಿನ ಅಳತೆ ಬರಹದಲ್ಲಿ ತರಿಸಿಕೊಳ್ಳಿ.

ಮೇಲ್ಮಣ್ಣಿನ ಬಗ್ಗೆ ಒಂದು ಮಾತು. ಷರತ್ತು ಅದನ್ನು ಬೇರೆ ರಾಶಿ ಮಾಡಿ, ಗುಡ್ಡ ಮತ್ತು ತುಂಬಿದ ಜಾಗದ ಮೇಲೆ ಹರಡಿ ಎನ್ನುತ್ತದೆ. ಚಂದ್ರಪುರದ ಕಡೆ ಅದು ಹತ್ತಿ ಬೆಳೆಯುವ ಕರಿಮಣ್ಣು. ನಮ್ಮ ಎರೆ ಹೊಲದ ಮಣ್ಣೇ. ಡೋಜರ್ ಆಪರೇಟರಿಗೆ ಎಲ್ಲವೂ ಓಬಿಯೇ. ಅವರನ್ನು ದೂರಿ ಪ್ರಯೋಜನ ಇಲ್ಲ, ಯಾರೂ ಹೇಳಿರುವುದಿಲ್ಲ. ಹೊಸ ಜಾಗ ತೆರೆಯುವ ಮೊದಲ ವಾರ ಅವರ ಜೊತೆ ನಿಂತು, ಎಷ್ಟು ಆಳದವರೆಗೆ ಕರಿಮಣ್ಣು ಇದೆ ಎಂದು ಗುಂಡಿ ತೋಡಿ ತೋರಿಸಿ. ರಾಶಿಗೆ ಬೋರ್ಡ್ ಹಾಕಿ, ತಾರೀಖು ಬರೆಯಿರಿ. ಮೊದಲ ಮಳೆಗೇ ಅದರ ಮೇಲೆ ಹುಲ್ಲು ಬರಲಿ. ಒಮ್ಮೆ ಕಲ್ಲಿನ ಜೊತೆ ಬೆರೆತರೆ ಆ ಮಣ್ಣು ಮತ್ತೆ ಸಿಗುವುದಿಲ್ಲ.

ನೀರು

ನನ್ನ ದೊಡ್ಡ ತಪ್ಪು ನೀರಿನಲ್ಲೇ ಆದದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಜೂನ್ ವರದಿಯಲ್ಲಿ "ಗಾರ್ಲೆಂಡ್ ಡ್ರೇನ್ (ಗಣಿ, ಗುಡ್ಡದ ಸುತ್ತಿನ ಚರಂಡಿ) ಹೂಳು ತೆಗೆಯಲಾಗಿದೆ" ಎಂದು ಬರೆದೆ. ಹಿಂದಿನ ವರ್ಷದ ವರದಿಯಿಂದ ಸುಮ್ನೆ ನಕಲು ಮಾಡಿದ ಸಾಲು. ಡ್ರೇನ್ ಗುಂಟ ಒಂದು ಸಲವೂ ನಡೆದಿರಲಿಲ್ಲ. ಜುಲೈನ ಒಂದು ರಾತ್ರಿ ಮಳೆ ಹೊಡೆಯಿತು. ಗುಡ್ಡದ ಮಣ್ಣು ಡ್ರೇನ್ ತುಂಬಿ, ಉಕ್ಕಿ, ಪಕ್ಕದ ಹೊಲದ ಎರಡು ಎಕರೆ ಹತ್ತಿಯ ಮೇಲೆ ಹರಡಿತು. ಬೆಳಿಗ್ಗೆ ಆ ರೈತರು ಟವೆಲಿನಲ್ಲಿ ಒಂದಿಷ್ಟು ಬೂದು ಕೆಸರು ಕಟ್ಟಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಬೈಯಲಿಲ್ಲ. "ನೋಡಿ ಬಾಯಿ, ಇದರಲ್ಲಿ ಏನು ಬೆಳೆಯಲಿ?" ಎಂದಷ್ಟೇ ಕೇಳಿದರು. ಪರಿಹಾರ ಕೊಡಿಸಲು ಒಂದು ವರ್ಷ ಓಡಾಡಿದೆ. ಆ ಸಾಲು ನನ್ನ ಕೈಬರಹದ್ದು ಎಂಬುದನ್ನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಹೀಗೆ ಮಾಡಿ. ಮೇ ತಿಂಗಳ ಕೊನೆಗೆ ಇಡೀ ಗಾರ್ಲೆಂಡ್ ಡ್ರೇನ್ ಗುಂಟ ನಡೆಯಿರಿ. ಬೆಳಿಗ್ಗೆ ಆರಕ್ಕೇ ಹೊರಡಿ, ಚಂದ್ರಪುರದ ಬಿಸಿಲು ಹತ್ತು ಗಂಟೆಯ ಮೇಲೆ ನಡೆಯಲು ಬಿಡುವುದಿಲ್ಲ. ಎಲ್ಲಿ ಹೂಳು, ಎಲ್ಲಿ ಗೋಡೆ ಒಡೆದಿದೆ, ಎಲ್ಲಿ ಡ್ರೇನ್ ಕೆಸರು ತಳಕ್ಕೆ ಇಳಿಯಲು ಮಾಡಿದ ಸೆಟ್ಲಿಂಗ್ ಪಾಂಡಿಗೆ ಸೇರದೆ ನೇರ ನಾಲೆಗೆ ಇಳಿಯುತ್ತದೆ ಎಂದು ಫೋಟೋ ತೆಗೆಯಿರಿ. ಸರಿಮಾಡಿದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೊಂದು ಫೋಟೋ.

ಗಣಿಗೆ ಇಳಿದ ನೀರು ಹಿಡಿದಿಡುವ ಗುಂಡಿಯ, ಅಂದರೆ ಸಂಪಿನ, ಅಳತೆಗೂ ಷರತ್ತು ಇದೆ. ಹಲವು ಪತ್ರಗಳಲ್ಲಿ ಬರುವ ಸಾಲು ಇದು: 50 ವರ್ಷದ ಮಳೆ ದಾಖಲೆ ನೋಡಿ, ಹಠಾತ್ತಾಗಿ ಬರುವ ಅತಿ ಹೆಚ್ಚು ಮಳೆಯ ಮೇಲೆ ಇನ್ನೂ ಶೇಕಡಾ 50 ಹೆಚ್ಚಿನ ಜಾಗ ಇಡಿ. ಇದನ್ನು ಓದಿ ಮುಂದೆ ಹೋಗಬೇಡಿ, ಲೆಕ್ಕ ಮಾಡಿ. 200 ಹೆಕ್ಟೇರ್ ಜಾಗದ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 2 ಲಕ್ಷ ಘನ ಮೀಟರ್, ಅಂದರೆ 20 ಕೋಟಿ ಲೀಟರ್ ನೀರು. ಇಂಗುವುದನ್ನು ಬಿಟ್ಟರೂ ದೊಡ್ಡ ಪಾಲು ಗಣಿಗೇ ಇಳಿಯುತ್ತದೆ. ಗಣಿ ಅಗಲವಾದಂತೆ ಈ ಅಂಕಿ ಏರುತ್ತದೆ, ಹಳೆಯ ಸಂಪ್ ಮಾತ್ರ ಹಾಗೇ ಉಳಿದಿರುತ್ತದೆ. ವಿಸ್ತರಣೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಹೊರಗೆ ಬಿಡುವ ನೀರಿಗೆ ಕಲ್ಲಿದ್ದಲು ಗಣಿಗಳ 2000ನೇ ಇಸವಿಯ ಮಾನದಂಡ ಇದೆ. ತೇಲುವ ಘನ ಕಣ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಜಿಡ್ಡು 10 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರೊಳಗೆ ಇರಬೇಕು. ಮಾದರಿ ತೆಗೆಯುವುದು ಶಾಂತ ದಿನದಲ್ಲಿ ಮಾತ್ರ ಆಗಬಾರದು. ಮಳೆ ನಿಂತ ಒಂದು ಗಂಟೆಯೊಳಗೂ ಒಂದು ಬಾಟಲಿ ತುಂಬಿ.

ಅಂತರ್ಜಲವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯಬೇಕು. ಮಳೆಗೆ ಮೊದಲು ಏಪ್ರಿಲ್-ಮೇ; ಮಳೆಯಲ್ಲಿ ಆಗಸ್ಟ್; ಆಮೇಲೆ ನವೆಂಬರ್; ಚಳಿಯಲ್ಲಿ ಜನವರಿ. ಅಂತರ್ಜಲ ಅಳೆಯಲೆಂದೇ ಕೊರೆದ ಪೀಜೋಮೀಟರ್ ಜೊತೆಗೆ ಊರಿನ ಬಾವಿಗಳನ್ನೂ ಸೇರಿಸಿ. ಬಾವಿ ಮನೆಯವರ ಮುಂದೆಯೇ ಹಗ್ಗ ಇಳಿಸಿ, ಅಂಕಿಯನ್ನು ಅವರಿಗೂ ಒಂದು ಚೀಟಿಯಲ್ಲಿ ಬರೆದುಕೊಡಿ. ಬಾವಿ ಒಣಗಿದರೆ ನೀರು ಕೊಡುವುದು ಗಣಿಯ ಹೊಣೆ ಎಂದು ಪತ್ರದಲ್ಲಿ ಇರುತ್ತದೆ. ಆಗ ಆ ಚೀಟಿ ಮಾತಾಡುತ್ತದೆ.

ಧೂಳು, ಬ್ಲಾಸ್ಟಿಂಗ್

ಊರಿನ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡ ಇದೆ. 24 ಗಂಟೆಯ ಸರಾಸರಿಯಲ್ಲಿ ಪಿಎಂ10 ಘನ ಮೀಟರಿಗೆ 100 ಮೈಕ್ರೋಗ್ರಾಂ, ಅದಕ್ಕಿಂತ ಸಣ್ಣ ಧೂಳಾದ ಪಿಎಂ2.5 ಆದರೆ 60 ಮೈಕ್ರೋಗ್ರಾಂ ಮೀರಬಾರದು. ಮುಖ್ಯ ಹಾಲ್ ರೋಡಿಗೆ ಶಾಶ್ವತ ಸ್ಪ್ರಿಂಕ್ಲರ್, ಉಳಿದದ್ದಕ್ಕೆ ಟ್ಯಾಂಕರ್. ಉತ್ಪಾದನೆ ಹೆಚ್ಚಾದರೆ ಡಂಪರ್ ಹೆಚ್ಚು, ರೋಡು ಬೇಗ ಒಣಗುತ್ತದೆ, ಟ್ಯಾಂಕರ್ ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ಹೊಸ ಡಂಪರ್ ಖರೀದಿಯ ಫೈಲಿನಲ್ಲೇ ಟ್ಯಾಂಕರನ್ನೂ ಸೇರಿಸಿ ಬರೆಸಿ. ಬೇರೆ ಫೈಲ್ ಮಾಡಿದರೆ ಅದು ಹಿಂದೆ ಬೀಳುತ್ತದೆ.

ಬ್ಲಾಸ್ಟಿಂಗ್ ಹಗಲಲ್ಲಿ ಮಾತ್ರ. ಗಣಿಯದಲ್ಲದ ಸಾಮಾನ್ಯ ಮನೆಗಳಿಗೆ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ, ಅಂದರೆ ಡಿಜಿಎಂಎಸ್‌ನ 1997ರ ಸುತ್ತೋಲೆ ಮಿತಿ ಹೇಳಿದೆ. ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರವರೆಗೆ 10, ಅದಕ್ಕಿಂತ ಮೇಲೆ 15. ಕಂಪನ ಅಳೆಯುವ ಯಂತ್ರವನ್ನು ಕಚೇರಿಯ ಹತ್ತಿರ ಇಡದೆ, ಗಣಿಗೆ ಅತಿ ಹತ್ತಿರದ ಮನೆಯ ಅಂಗಳದಲ್ಲಿ ಇಡಿ. ವಿಸ್ತರಣೆ ಶುರುವಾಗುವ ಮೊದಲೇ ಆ ಸಾಲಿನ ಎಲ್ಲ ಮನೆಗಳ ಗೋಡೆಗಳ ಫೋಟೋ ಮನೆಯವರ ಒಪ್ಪಿಗೆಯಿಂದ ತೆಗೆದಿಡಿ. ಆಮೇಲೆ ಬಂದ ಬಿರುಕು ಹಳೆಯದೋ ಹೊಸದೋ ಎಂಬ ಜಗಳಕ್ಕೆ ಎರಡೂ ಕಡೆಯವರಿಗೆ ನ್ಯಾಯ ಸಿಗುತ್ತದೆ.

ಪತ್ರ ಬಂದ ದಿನದಿಂದ

ಇಸಿ ಬಂದರೆ ಅವತ್ತೇ ಯಂತ್ರ ಇಳಿಸುವಂತಿಲ್ಲ. ಜಲ ಕಾಯ್ದೆ, ವಾಯು ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಅರಣ್ಯ ಜಾಗ ಇದ್ದರೆ 1980ರ ಕಾಯ್ದೆಯ ಅನುಮತಿ ಬೇರೆ. ತಡೋಬಾದಂಥ ಹುಲಿ ಕಾಡು ಹತ್ತಿರ ಇದ್ದರೆ ವನ್ಯಜೀವಿ ಷರತ್ತುಗಳೂ ಸೇರುತ್ತವೆ. ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಇಸಿ ಸಿಕ್ಕ ಸುದ್ದಿ ಪ್ರಕಟವಾಗಬೇಕು, ಅದರಲ್ಲಿ ಒಂದು ಆ ಊರಿನ ಭಾಷೆಯದು. ಪ್ರತಿ ಪಂಚಾಯಿತಿಗೂ ಪತ್ರದ ನಕಲು ಹೋಗಬೇಕು. ಇದು ಒಳ್ಳೆಯತನದ ಮಾತಷ್ಟೇ ಅಲ್ಲ. ಇಸಿಯನ್ನು ಒಪ್ಪದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸುದ್ದಿಯೇ ತಲುಪದಿದ್ದರೆ ಆ ಹಕ್ಕು ಅವರ ಕೈಗೆ ಬರುವುದಿಲ್ಲ. ನಾವು ಗಣಿಯವರಾದರೂ ಇದನ್ನು ನೇರವಾಗಿ ನಡೆಸಬೇಕು.

ಆಮೇಲೆ ತಾರೀಖುಗಳು. ಜೂನ್ 1 ಮತ್ತು ಡಿಸೆಂಬರ್ 1, ಆರು ತಿಂಗಳ ಪಾಲನಾ ವರದಿ. ಸೆಪ್ಟೆಂಬರ್ 30, ಮಾರ್ಚ್‌ಗೆ ಮುಗಿದ ವರ್ಷದ ಪರಿಸರ ಹೇಳಿಕೆ, ಫಾರ್ಮ್ 5ರಲ್ಲಿ, ಮಂಡಳಿಗೆ. ವರದಿಯಲ್ಲಿ "ಪಾಲಿಸಲಾಗುತ್ತಿದೆ" ಎಂಬ ಪದವನ್ನು ಒಂಟಿಯಾಗಿ ಬರೆಯಬೇಡಿ. ಪಕ್ಕದಲ್ಲಿ ಅಂಕಿ, ತಾರೀಖು, ಫೋಟೋ ಇರಲಿ. ಸಸಿ ಎಷ್ಟು ನೆಟ್ಟಿರಿ ಎನ್ನುವುದಕ್ಕಿಂತ ಹೋದ ವರ್ಷದ್ದು ಎಷ್ಟು ಉಳಿದಿವೆ ಎಂದು ಎಣಿಸಿ ಬರೆಯಿರಿ. ಎಣಿಸುವ ಕೆಲಸಕ್ಕೆ ಮಾರ್ಚ್ ಒಳ್ಳೆಯದು, ಒಣಗಿದ್ದು ಆಗ ಕಣ್ಣಿಗೆ ಬೀಳುತ್ತದೆ.

ಜೂನ್ ವರದಿ ಅಪ್‌ಲೋಡ್ ಮಾಡಿದ ದಿನವೇ ಒಂದು ಪ್ರತಿಯನ್ನು ಊರಿನ ಭಾಷೆಯಲ್ಲಿ ಎರಡು ಪುಟಕ್ಕೆ ಇಳಿಸಿ ಪಂಚಾಯಿತಿಗೆ ಕೊಟ್ಟು ಬನ್ನಿ. ಡ್ರೇನ್ ಯಾವ ಕಡೆ ಹರಿಯುತ್ತದೆ, ಉಕ್ಕಿದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಬಾವಿಯ ಏಪ್ರಿಲ್ ಮಟ್ಟ ಎಷ್ಟಿತ್ತು ಎಂಬುದು ಮೊದಲ ಪುಟದಲ್ಲೇ ಇರಲಿ. ಮಳೆ ಶುರುವಾಗಲು ಆಗ ಎರಡು ವಾರವೂ ಇರುವುದಿಲ್ಲ.